ಬನ್ನಿ ಹಬ್ಬದ ಪೇಚಾಟ

ವರ್ಷವಿಡೀ ಮುಖ ತಪ್ಪಿಸಿ ಓಡಾಡುವ ಸಂಕೋಚದ ಜೀವಿಗಳಿಗೆ ವಿಜಯದಶಮಿಯ ಸಂಜೆಯೇ ಖರೇ ಪರೀಕ್ಷೆ. ಮಲಪ್ರಭೆಯ ದಂಡೆಯ ಮನೋಳಿಯಲ್ಲಿ ಅಂದು ಎಲ್ಲರ ಕೈಯಲ್ಲೂ ಬನ್ನಿ ಎಲೆ. ಸಿಕ್ಕವರಿಗೆಲ್ಲ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಅನ್ನಬೇಕು. ಎದುರಿಗೆ ಬರುವವನು ಹೊಲದ ಬದುವಿನ ಜಗಳದಲ್ಲಿ ಮಾತು ಬಿಟ್ಟ ದಾಯಾದಿಯಾದರೆ? ಬಂಗಾರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಆದರೂ ಇಬ್ಬರ ಕೈಯೂ ಮುಂದಾಗುತ್ತದೆ. ಆ ಎರಡು ಎಲೆಯ ಮುಂದೆ ಕೋರ್ಟಿನ ತಾರೀಖೂ ಒಂದು ದಿನ ಮರೆತು ಹೋಗುತ್ತದೆ.

ಇನ್ನು ಕಾಲು ಮುಟ್ಟುವ ಗೊಂದಲ. ವಾವೆಯಲ್ಲಿ ಕಾಕಾ, ವಯಸ್ಸಿನಲ್ಲಿ ನಮಗಿಂತ ಸಣ್ಣವ. ನಾವು ಬಗ್ಗಿದರೆ ಅವನು ಹಿಂದೆ ಸರಿಯುತ್ತಾನೆ, ಅವನು ಬಗ್ಗಿದರೆ ನಾವು. ಕಡೆಗೆ ಇಬ್ಬರೂ ಒಮ್ಮೆಗೇ ಬಗ್ಗಿ ತಲೆಗೆ ತಲೆ ಡಿಕ್ಕಿ.

ಎಲ್ಲಕ್ಕಿಂತ ಘೋರವಾದದ್ದು, "ನನ್ನ ಗುರ್ತ ಸಿಕ್ತೇನು?" ಎಂಬ ಪ್ರಶ್ನೆ. ಪೊಲೀಸರೂ ಇಷ್ಟು ಕಠಿಣವಾಗಿ ವಿಚಾರಿಸುವುದಿಲ್ಲ! ಇದಕ್ಕೆ ನಮ್ಮ ಕಡೆ ಒಂದು ಹಳೆಯ ಉಪಾಯವಿದೆ: "ಸಿಗದs ಏನ್ರೀ! ನವಿಲುತೀರ್ಥ ಡ್ಯಾಮಿಗೆ ನೀರ ಎಷ್ಟ ಬಂತ್ರಿ ಈ ಸಲ?" ಎಂದುಬಿಡುವುದು. ನೀರಿನ ಮಾತು ಶುರುವಾದರೆ ಹೆಸರು ಯಾರಿಗೆ ಬೇಕು?

ಧೈರ್ಯವಾಗಿ ಮಾತಾಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ ಎನ್ನುವ ವ್ಯಕ್ತಿತ್ವ ವಿಕಸನದ ಪುಸ್ತಕಗಳಿಗಿಂತ ಬನ್ನಿಯೇ ವಾಸಿ. ಕೈಗೊಂದು ಕೆಲಸ, ಬಾಯಿಗೊಂದು ತಯಾರಾದ ಮಾತು ಕೊಡುತ್ತದೆ. ನಾಚಿಕೆಯನ್ನು ಬಿಟ್ಟು ಬಾ ಎನ್ನುವುದಿಲ್ಲ, ಕರೆದುಕೊಂಡೇ ಬಾ ಎನ್ನುತ್ತದೆ.

ಮುಂದಿನ ದಸರೆಗೆ ಮನೋಳಿ ಕಡೆ ಬರ್ರಿ. ಮಾತು ಬರದಿದ್ದರೂ ನಡೀತೈತಿ, ಬಗ್ಗುವಾಗ ಮಾತ್ರ ತಲಿ ಸಂಭಾಳಿಸ್ರಿ.