ಕಾಸ್ಟಿಂಗ್ ಮಾಸ್ತರ ಜಾತ್ರೆಗೆ ಹೋದದ್ದು

ಬಾಗಲಕೋಟೆಯ ಕಾಲೇಜೊಂದರಲ್ಲಿ ಮೂವತ್ತೆರಡು ವರ್ಷ ಬಿ.ಕಾಂ. ಹುಡುಗರಿಗೆ ಕಾಸ್ಟ್ ಅಕೌಂಟಿಂಗ್ ಕಲಿಸಿದವನು ನಾನು. ಅಷ್ಟೂ ವರ್ಷಗಳಲ್ಲಿ ನಾನು ಸ್ವತಃ ಮಾರಿದ ಸರಕೆಂದರೆ ಹಳೆಯ ಪೇಪರ್ ಮಾತ್ರ. ಅದನ್ನು ತೂಗುವಾಗಲೂ ರದ್ದಿಯವನು ನನ್ನ ಮುಖ ನೋಡಿ ತಕ್ಕಡಿಯನ್ನು ಇನ್ನಷ್ಟು ಧೈರ್ಯದಿಂದ ಹಿಡಿಯುತ್ತಿದ್ದ. ಹೀಗಿದ್ದೂ ನಿವೃತ್ತನಾದ ಮರುವರ್ಷ, ಬನಶಂಕರಿ ಜಾತ್ರೆಯಲ್ಲಿ ಇಳಕಲ್ ಸೀರೆಯ ಅಂಗಡಿ ಹಾಕಬೇಕೆಂಬ ವಿಚಾರ ಬಂತು.

"ರೀ, ನೀವು ಒಂದು ಟಾವೆಲ್ ತರಬೇಕಂದ್ರ ನನ್ನ ಕರಕೊಂಡು ಹೋಗ್ತೀರಿ. ಈಗ ಸೀರಿ ಮಾರ್ತೀರಂತ?" ಎಂದಳು ಹೆಂಡತಿ.

ಅವಳಿಗೆ ಏನು ಗೊತ್ತು? ನಾನು ಮೂರು ಗೆರೆಗಳ ಮೇಲೆ ಸಂಸಾರ ಸಾಗಿಸಿದವನು. ಬೋರ್ಡಿನ ಮೇಲೆ ಅಡ್ಡಕ್ಕೆ ಮಲಗಿದ ಗೆರೆ ಸ್ಥಿರ ವೆಚ್ಚ: ಮಾಲು ತಯಾರಾಗಲಿ ಬಿಡಲಿ, ಬಾಡಿಗೆ ಅಷ್ಟೇ. ಮೂಲೆಯಿಂದ ಏರುತ್ತ ಹೋಗುವ ಗೆರೆ ಬದಲಾಗುವ ವೆಚ್ಚ: ಒಂದು ಅಂಗಿಗೆ ಎರಡು ಮೀಟರ್ ಬಟ್ಟೆಯಾದರೆ ಹತ್ತಕ್ಕೆ ಇಪ್ಪತ್ತು. ಮೂಲೆಯ ಬದಲು ಸ್ವಲ್ಪ ಮೇಲಿಂದಲೇ ಶುರುವಾಗಿ ಏರುವುದು ಮಿಶ್ರ ವೆಚ್ಚ. ಇದಕ್ಕೆ ನನ್ನ ಕಾಯಂ ಉದಾಹರಣೆ ಟೆಲಿಫೋನ್ ಬಿಲ್ಲು. ತಿಂಗಳಿಗೆ ಇಷ್ಟು ಬಾಡಿಗೆ, ಮೇಲೆ ಕರೆಗೆ ಇಷ್ಟು. ಕೊನೆಕೊನೆಗೆ ಕ್ಲಾಸಿನಲ್ಲಿ ಲ್ಯಾಂಡ್‌ಲೈನ್ ಕಂಡ ಹುಡುಗ ಒಬ್ಬನೂ ಇರಲಿಲ್ಲ. ನಾನು ಮಾತ್ರ ಅದರ ಬಾಡಿಗೆ ಕಟ್ಟುತ್ತಲೇ ಇದ್ದೆ.

ಸರಕು ಹಿಡಿಯಲು ಇಳಕಲ್ಲಿಗೆ ಹೊರಟೆ. ಬಸ್ಸು ಅಮೀನಗಡ, ಹುನಗುಂದ ದಾಟಿ ಹೋಗುತ್ತದೆ. ಅಮೀನಗಡದಲ್ಲಿ ಮಾಮಾನಿಗೆಂದು ಅರ್ಧ ಕಿಲೋ ಕರದಂಟು ಕೊಂಡೆ. ಹುನಗುಂದ ಬರುವಷ್ಟರಲ್ಲಿ ಅದು ಕಾಲು ಕಿಲೋ ಆಗಿತ್ತು. ಇಳಕಲ್ಲಿನಲ್ಲಿ ಇಳಿದಾಗ ಮಾಮಾನ ಕೈಗೆ ಪೊಟ್ಟಣ ಕೊಟ್ಟೆ ಎನ್ನಲಡ್ಡಿಯಿಲ್ಲ.

ಮಾಮಾ ನನ್ನ ತಾಯಿಯ ಕಡೆಯ ತಮ್ಮ, ನನಗಿಂತ ಎಂಟು ವರ್ಷ ದೊಡ್ಡವನು. ಪಡಸಾಲೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೊಂಡಿ ಹಾಕುತ್ತ ಕೂತಿದ್ದ. ಇಳಕಲ್ ಸೀರೆಯ ಜೀವ ಇರುವುದೇ ಅಲ್ಲಿ. ಒಡಲಿನ ಹಾಸು ಹತ್ತಿಯದು, ಸೆರಗಿನದು ರೇಷ್ಮೆ (ಈಗೀಗ ಬಹಳ ಕಡೆ ಕೃತಕ ರೇಷ್ಮೆ). ಎರಡೂ ಹಾಸಿನ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಬೆಸೆಯಬೇಕು. ಆ ಬೆಸುಗೆಯ ಆಚೆಗೆ ಕೆಂಪು ಸೆರಗು, ಅದರಲ್ಲಿ ಬಿಳಿ ಗೋಪುರದಂಥ ಟೋಪ್‌ತೆನಿ. ಕೊಂಡಿ ಹಾಕಬೇಕೆಂದರೆ ಹಾಸನ್ನು ಒಂದೊಂದೇ ಸೀರೆಗೆ ಬೇರೆ ಬೇರೆ ಹೂಡಬೇಕು. ಉದ್ದಕ್ಕೆ ಹತ್ತು ಸೀರೆಯ ಹಾಸು ಹೂಡಿ ಸರಸರನೆ ನೇಯ್ದು ಬಿಡುವಂತಿಲ್ಲ.

ನಾನು ಕೂತವನೇ ಡೈರಿ ತೆಗೆದೆ. "ಮಾಮಾ, ಆರು ಗಜದ ಸೀರಿಗೆ ಇಷ್ಟು ಮಜೂರಿ ಅಂದ್ರ, ಒಂಬತ್ತು ಗಜಕ್ಕ ಅದರ ಒಂದೂವರಿ ಪಟ್ಟು ಹಿಡೀಲೇನು?"

"ಆರಕ್ಕೂ ಕೊಂಡಿ ಒಂದ, ಒಂಬತ್ತಕ್ಕೂ ಕೊಂಡಿ ಒಂದ," ಎಂದ ಮಾಮಾ, ಎಳೆಯಿಂದ ಕಣ್ಣು ತೆಗೆಯದೆ. "ಕೊಂಡಿ ಗಜಾ ಎಣಿಸೂದಿಲ್ಲೋ ಅಳಿಯಾ."

ಗಜಕ್ಕೆ ಬದಲಾಗದ, ಆದರೆ ಸೀರೆಯ ಲೆಕ್ಕಕ್ಕೆ ಬದಲಾಗುವ ವೆಚ್ಚ. ಮೂವತ್ತೆರಡು ವರ್ಷದಲ್ಲಿ ನಾನು ಇಂಥದೊಂದು ಉದಾಹರಣೆ ಕೊಟ್ಟಿರಲಿಲ್ಲ. ಅಲ್ಲಿಗೇ ಡೈರಿ ಮುಚ್ಚಿ ಊರಿಗೆ ಮರಳಿದ್ದರೆ ನನ್ನ ಪಿಂಚಣಿ ಪಿಂಚಣಿಯಾಗಿಯೇ ಉಳಿಯುತ್ತಿತ್ತು.

ಮಾತು ಕುದುರಿತು. ಸೀರೆಗೆ 1,400 ರೂಪಾಯಿಯಂತೆ ಅರವತ್ತು ಸೀರೆ. ನಾನು ಮಾರುವುದು 2,000ಕ್ಕೆ. ಸೀರೆಯೊಂದಕ್ಕೆ ಕೈಗೆ ಉಳಿಯುವುದು 600. ಇನ್ನು ಸ್ಥಿರ ವೆಚ್ಚ: ತಗಡಿನ ಅಂಗಡಿಯ ಬಾಡಿಗೆ ತಿಂಗಳಿಗೆ 18,000, ಹುಡುಗನ ಪಗಾರ 9,000, ದೀಪದ ಖರ್ಚು 3,000. ಒಟ್ಟು 30,000. ಅದನ್ನು 600ರಿಂದ ಭಾಗಿಸಿದರೆ ಐವತ್ತು. ಐವತ್ತು ಸೀರೆ ಮಾರಿದರೆ ಲಾಭವೂ ಇಲ್ಲ, ಲುಕ್ಸಾನೂ ಇಲ್ಲ. ಐವತ್ತೊಂದನೆಯ ಸೀರೆಯಿಂದ ನಾನು ಸಾವ್ಕಾರ. ಈ ಲೆಕ್ಕವನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದೆ. ಎರಡನೆಯ ಸಲ ಅವಳು ಮಿಕ್ಸರ್ ಹಚ್ಚಿದಳು.

ಬನಶಂಕರಿ ಇರುವುದು ಬಾದಾಮಿಯ ಮಗ್ಗುಲಿಗೆ, ಚೊಳಚಗುಡ್ಡದಲ್ಲಿ. ಬನದ ಹುಣ್ಣಿಮೆಗೆ ತೇರು. ತೇರು ಎಳೆದ ಮೇಲೂ ಜಾತ್ರೆ ಕರಗುವುದಿಲ್ಲ, ನಾಟಕ ಕಂಪನಿಗಳು ತಂಬು ಹೊಡೆದು ತಿಂಗಳುಗಟ್ಟಲೆ ಆಡುತ್ತವೆ. ಇನ್ನೊಂದು ಸಾಲಿನಲ್ಲಿ ಕೆತ್ತನೆಯ ಬಾಗಿಲು ಚೌಕಟ್ಟುಗಳ ಮಾರಾಟ. ಮನೆ ಕಟ್ಟುವವರು ಚೌಕಟ್ಟಿಗಾಗಿ ಈ ಜಾತ್ರೆಯವರೆಗೆ ಕಾಯುವುದುಂಟು. ನನ್ನ ಅಂಗಡಿಯ ಒಂದು ಬದಿಗೆ ನಾಟಕದ ತಂಬು, ಎದುರಿಗೆ ಚೌಕಟ್ಟಿನ ಸಾಲು, ಪಕ್ಕದ ಬೇವಿನ ನೆರಳಿನಲ್ಲಿ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಅವ್ವ.

ಮೊದಲ ಪೆಟ್ಟು ಕೊಟ್ಟದ್ದು ಚಾ. ಸೀರೆ ಕೊಳ್ಳಲು ಹೆಣ್ಣುಮಕ್ಕಳು ಒಬ್ಬೊಬ್ಬರೇ ಬರುವುದಿಲ್ಲ. ಅತ್ತಿ, ನಾದಿನಿ, ನೆಗೆಣ್ಣಿ, ನೆರೆಮನೆಯವರು ಸೇರಿ ಏಳು ಜನ. ಏಳು ಜನಕ್ಕೂ ಚಾ. ನಲವತ್ತು ಸೀರೆ ಬಿಚ್ಚಿಸಿ, ಸೆರಗು ತಿರುವಿ ಕೊಂಡಿ ನೋಡಿ, "ನೇಯ್ಗಿ ಚೊಲೊ ಐತ್ರಿ, ತೇರಿನ ದಿನಾ ಬರ್ತೇವು" ಎಂದು ಎದ್ದು ಹೋಗುತ್ತಿದ್ದರು. ಹೋಗುವುದು ಎಲ್ಲಿಗೆ? ಕೊಂಡಿಯಿಲ್ಲದ ಪವರ್‌ಲೂಮ್ ಸೀರೆಯನ್ನು ಮೂರನೆಯ ಒಂದು ಪಾಲು ರೇಟಿಗೆ ಕೊಡುವ ಆಚೆ ಅಂಗಡಿಗೆ. ಚಾದ ಖರ್ಚನ್ನು ನಾನು ಸ್ಥಿರ ವೆಚ್ಚದಲ್ಲೂ ಬರೆದಿರಲಿಲ್ಲ, ಬದಲಾಗುವುದರಲ್ಲೂ ಬರೆದಿರಲಿಲ್ಲ. ಬದಲಾಗುತ್ತಿತ್ತು ನಿಜ, ಆದರೆ ಮಾರಿದ ಸೀರೆಯ ಲೆಕ್ಕಕ್ಕಲ್ಲ, ನೋಡಿ ಹೋದವರ ಲೆಕ್ಕಕ್ಕೆ.

ಮೂರು ದಿನಕ್ಕೆ ಮಾರಿದ್ದು ಎರಡು ಸೀರೆ. ರಾತ್ರಿ ಕೂತು ಡೈರಿ ಬಿಚ್ಚಿದೆ. ಸ್ಥಿರ ವೆಚ್ಚ 30,000, ಸೀರೆ ಎರಡು. ಸೀರೆಯೊಂದಕ್ಕೆ 15,000, ಅದರ ಮೇಲೆ ಮಾಮಾನ 1,400. ಅಂದರೆ ಒಂದೊಂದು ಸೀರೆಯೂ ನನಗೆ 16,400 ರೂಪಾಯಿಗೆ ಬಿದ್ದಿದೆ, ನಾನು 2,000ಕ್ಕೆ ಕೊಡುತ್ತಿದ್ದೇನೆ! ಎದೆ ಧಸಕ್ಕೆಂದಿತು. ಮರುದಿನ ರೇಟು 2,300 ಮಾಡಿದೆ. ವ್ಯಾಪಾರ ಕಡಿಮೆಯಾದಷ್ಟೂ ತಲಾ ವೆಚ್ಚ ಏರುತ್ತದೆ, ಅದಕ್ಕೆಂದು ರೇಟು ಏರಿಸಿದರೆ ವ್ಯಾಪಾರ ಇನ್ನೂ ಕಡಿಮೆಯಾಗುತ್ತದೆ. ಈ ಕೆಸರಿಗೆ ಇಳಿಯಬೇಡಿ ಎಂದು ಪ್ರತಿ ವರ್ಷ ಮೂರನೆಯ ಸೆಮಿಸ್ಟರಿನಲ್ಲಿ ಒಂದು ತಾಸು ಬೋಧಿಸಿದವನು ಚಪ್ಪಲಿ ಸಮೇತ ಇಳಿದಿದ್ದೆ. ತೇರಿನ ದಿನ ಲಕ್ಷ ಕಾಲು ನನ್ನ ಅಂಗಡಿಯ ಮುಂದೆ ಹಾದು ಹೋದವು. ಒಂದು ಸೀರೆಯೂ ಹೋಗಲಿಲ್ಲ.

"ಅವ್ವಾ, ಮಂದಿ ಕಡಿಮಿ ಬಂದ ದಿನಾ ನೀ ರೊಟ್ಟಿ ರೇಟ್ ಏರಸ್ತೀಯೇನು?" ಎಂದು ಕೇಳಿದೆ, ಕೆಂಪು ಚಟ್ನಿಯಲ್ಲಿ ರೊಟ್ಟಿ ಅದ್ದುತ್ತ.

"ಯಾಕ ಏರಸ್ಲೋ ತಮ್ಮಾ? ಮಂದಿ ಕಡಿಮಿ ಆದ್ರ ಕಡಿಮಿ ತಟ್ಟತೀನಿ."

"ಅಂದ್ರ ನಿಂದು ಪೂರಾ ಬದಲಾಗೋ ವೆಚ್ಚ."

ಅವ್ವ ನನ್ನನ್ನು ನೋಡಿದ ರೀತಿಯಲ್ಲಿ ಸ್ವಲ್ಪ ಕನಿಕರವಿತ್ತು. "ಹಂಗೇನಿಲ್ಲ. ಹಂಚು ಕಾಯಾಕನ ಒಂದು ಹೊರಿ ಕಟ್ಟಿಗಿ ಹೋಕ್ಕೈತಿ. ಹತ್ತ ರೊಟ್ಟಿ ಮಾಡು, ನೂರ ಮಾಡು, ಅದು ಹೋಗೂದ. ಕಾದ ಮ್ಯಾಲ ರೊಟ್ಟಿಗೆ ಒಂದ್ ಸಿಬರು ಸಾಕು."

ಕಾಯುವ ಹಂಚು! ಮೇಲಿಂದ ಶುರುವಾಗಿ ನಿಧಾನ ಏರುವ ಗೆರೆ. ಸತ್ತುಹೋದ ಟೆಲಿಫೋನಿನ ಬಾಡಿಗೆ ಕಟ್ಟಿಸುತ್ತ ಮೂವತ್ತೆರಡು ಬ್ಯಾಚು ಹುಡುಗರನ್ನು ಕಳಿಸಿದೆನಲ್ಲ, ಅವರೆಲ್ಲ ಮನೆಯಲ್ಲಿ ರೊಟ್ಟಿ ತಿಂದೇ ಕ್ಲಾಸಿಗೆ ಬಂದವರು. ನಾಚಿಕೆಗೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ, ಮೇಲೆ ಮೊಸರು.

ಆ ಹುರುಪಿನಲ್ಲೇ ಜನರೇಟರಿನವನ ಜೊತೆ ಮಾಡಿಕೊಂಡ ಫಜೀತಿಯನ್ನೂ ಹೇಳಿಬಿಡುತ್ತೇನೆ. ದೀಪಕ್ಕೆ ತಿಂಗಳಿಗೆ 3,000 ಎಂದು ನಾನು ಬರೆದುಕೊಂಡಿದ್ದು ನನ್ನಷ್ಟಕ್ಕೆ, ಅವನನ್ನು ಕೇಳಿರಲಿಲ್ಲ. ಅವನು ದಿನಕ್ಕೊಂದು ಮೊತ್ತ ಹೇಳುತ್ತಿದ್ದ. ಇದು ಮಿಶ್ರ ವೆಚ್ಚವೇ ಸರಿ, ಬಿಡಿಸಿ ತೋರಿಸುತ್ತೇನೆ ಎಂದು ಕೂತೆ. ಇದಕ್ಕೊಂದು ಪಠ್ಯಪುಸ್ತಕದ ಉಪಾಯವಿದೆ: ಅತಿ ಹೆಚ್ಚು ಬಳಸಿದ ದಿನ, ಅತಿ ಕಡಿಮೆ ಬಳಸಿದ ದಿನ ಎರಡನ್ನೂ ಹಿಡಿ, ಹಣದ ಅಂತರವನ್ನು ತಾಸಿನ ಅಂತರದಿಂದ ಭಾಗಿಸು, ತಾಸಿನ ದರ ಸಿಗುತ್ತದೆ, ಉಳಿದದ್ದು ಸ್ಥಿರ ಭಾಗ. ತೇರಿನ ರಾತ್ರಿ ಹತ್ತು ತಾಸು ಉರಿದಿತ್ತು, 500 ರೂಪಾಯಿ. ಇನ್ನೊಂದು ರಾತ್ರಿ ಎರಡೇ ತಾಸು, 60 ರೂಪಾಯಿ. ಎಂಟು ತಾಸಿಗೆ 440, ತಾಸಿಗೆ 55. ಹತ್ತು ತಾಸಿಗೆ 550 ಆಯಿತು. ಅವನು ತೆಗೆದುಕೊಂಡದ್ದು 500. ಹಾಗಾದರೆ ಸ್ಥಿರ ಭಾಗ? ಮೈನಸ್ ಐವತ್ತು.

ಎರಡು ಸಲ ತಾಳೆ ನೋಡಿದೆ. ಲೆಕ್ಕ ತಪ್ಪಿರಲಿಲ್ಲ. ದೀಪ ಹಚ್ಚದೆ ಸುಮ್ಮನೆ ಕೂತರೆ ಜನರೇಟರಿನವನೇ ದಿನಕ್ಕೆ ಐವತ್ತು ರೂಪಾಯಿ ನನಗೆ ಕೊಡಬೇಕು. ಡೈರಿ ಹಿಡಿದು ಹೋಗಿ ಅವನಿಗೆ ತೋರಿಸಿಯೂ ತೋರಿಸಿದೆ. ಡೀಸೆಲ್ ಕೈಯನ್ನು ಅರಿವೆಗೆ ಒರೆಸಿಕೊಂಡು ಅವನು ಎಲ್ಲವನ್ನೂ ಓದಿದ.

"ಕಾಕಾ, ಹಂಗಿದ್ರ ಚೊಲೊ ಆತು. ನೀವು ಕತ್ತಲಾಗ ಕುಂದರ್ರಿ, ನಾ ದಿನಾ ಬಂದು ಐವತ್ತು ಕೊಡ್ತೀನಿ. ಹೆಂಗೂ ಕತ್ತಲಾಗಿದ್ರೂ ನಿಮ್ಮ ವ್ಯಾಪಾರ ಇಷ್ಟ ಅಲ್ಲೇನು?"

ಆಮೇಲೆ ಅವನೇ ಬಿಡಿಸಿ ಹೇಳಿದ. ಕನೆಕ್ಷನ್ನಿಗೆ ದಿನಕ್ಕೆ 50, ತಾಸಿಗೆ 30. ತೇರಿನ ರಾತ್ರಿ ಎಲ್ಲರಿಂದಲೂ 150 ಹೆಚ್ಚಿಗೆ ಇಸಿದುಕೊಳ್ಳುವ ರೂಢಿ. ಎರಡು ತಾಸಿನ ರಾತ್ರಿ ಮಷಿನ್ ಕೆಟ್ಟಿತ್ತು, ನನ್ನ ವಯಸ್ಸು ನೋಡಿ 50 ಬಿಟ್ಟಿದ್ದ. "ತೇರಿನ ರಾತ್ರಿನೂ ಬಿಡ್ರಿ, ಕೆಟ್ಟ ರಾತ್ರಿನೂ ಬಿಡ್ರಿ. ನಡುವಿನ ಯಾವ್ದರ ಎರಡು ದಿನಾ ತಗೊಂಡು ನೋಡ್ರಿ." ನಡುವಿನ ದಿನಗಳು ಐದು ತಾಸಿಗೆ 200ರಂತೆ ಗಡಿಯಾರದ ಹಾಗೆ ಕೂತಿದ್ದವು. ನನ್ನ 3,000ದ ಸ್ಥಿರ ವೆಚ್ಚ ತಿಂಗಳ ಕೊನೆಗೆ 6,000 ಮುಟ್ಟಿತು.

ಇಷ್ಟಕ್ಕೆ ನಿಲ್ಲಬಹುದಿತ್ತು. ರೇಟನ್ನು ಮತ್ತೆ 2,000ಕ್ಕೆ ಇಳಿಸಿದ್ದೆ, ಮೊದಲಿನ ಎರಡೂ ಸೇರಿ ಇಪ್ಪತ್ತೊಂದು ಸೀರೆ ಹೋಗಿದ್ದವು. ಆದರೆ ಮಗ್ಗುಲಿಗೆ ನಾಟಕದ ತಂಬು ಇತ್ತಲ್ಲ. ಕಂಪನಿ ಮಾಲೀಕರು ಚಾಕ್ಕೆ ಬರುತ್ತಿದ್ದರು (ಅದೂ ನನ್ನ ಲೆಕ್ಕದಲ್ಲೇ). ಒಂದು ರಾತ್ರಿ ಆಟ ಅರ್ಧ ಆದಮೇಲೆ ಹೊರಗೆ ನಿಂತಿದ್ದ ಹುಡುಗರನ್ನು ಸಿಕ್ಕಷ್ಟು ರೊಕ್ಕಕ್ಕೆ ಒಳಗೆ ಬಿಡುತ್ತಿದ್ದರು.

"ಇದು ಹೆಂಗ್ರೀ ಗಿಟ್ಟತೈತಿ?" ಎಂದೆ.

"ಹತ್ತ ಮಂದಿ ಕುಂತ್ರೂ ರಾಜಾ ಕಿರೀಟ ಇಟ್ಕೋಬೇಕು, ಸಾವಿರ ಮಂದಿ ಕುಂತ್ರೂ ಅದ ಕಿರೀಟ. ಖಾಲಿ ಕುರ್ಚಿ ನನಗ ಏನು ಕೊಡತೈತ್ರಿ? ಬಂದಷ್ಟು ಬರ್ಲಿ."

ಮಿಂಚು ಹೊಡೆದಂತಾಯಿತು. 1850ರಷ್ಟು ಹಿಂದೆಯೇ ಡಯೊನೀಸಿಯಸ್ ಲಾರ್ಡ್ನರ್ ಎಂಬ ಪಂಡಿತ ರೈಲ್ವೆಯ ಖರ್ಚನ್ನು ಬಿಚ್ಚಿ, ಓಡಾಟದ ಜೊತೆ ಏರುವುದು ಯಾವುದು, ಏರದೆ ಕೂತಿರುವುದು ಯಾವುದು ಎಂದು ಬೇರ್ಪಡಿಸಿ ಬರೆದಿದ್ದ. ಹೊರಟ ರೈಲಿನ ಖಾಲಿ ಸೀಟು, ಶುರುವಾದ ಆಟದ ಖಾಲಿ ಕುರ್ಚಿ! ಮರುದಿನವೇ ಬೋರ್ಡು ಬರೆಸಿದೆ: ಇಳಕಲ್ ಕೈಮಗ್ಗದ ಸೀರೆ, ಕೊಂಡಿ ಗ್ಯಾರಂಟಿ, 1,300 ಮಾತ್ರ.

ಜನ ಮುಗಿಬಿದ್ದರು. ನಾಲ್ಕು ದಿನಕ್ಕೆ ಉಳಿದ ಮೂವತ್ತೊಂಬತ್ತೂ ಖಾಲಿ. ಗಲ್ಲೆಯಲ್ಲಿ ನೋಟು ಜೋಡಿಸುತ್ತ ಇಳಕಲ್ಲಿಗೆ ಫೋನು ಮಾಡಿದೆ: "ಮಾಮಾ, ಭಾಳ ನಡದೈತಿ. ಇನ್ನೂ ನಲವತ್ತು ಕಳಸು!"

ಊಟ ತಂದಿದ್ದ ಹೆಂಡತಿ ಬೋರ್ಡು ಓದಿದಳು. "ಮಾಮಾಗ ಎಷ್ಟು ಕೊಡ್ತೀರಿ?"

"ಹದಿನಾಲ್ಕುನೂರು."

"ಮಾರೂದು?"

ನನ್ನ ಬಾಯಿಂದ ಅಂಕಿ ಹೊರಡಲಿಲ್ಲ. ಖಾಲಿ ಕುರ್ಚಿಯನ್ನು ಯಾರೂ ಕುಣಿಯಲ್ಲಿ ಕೂತು ನೇಯುವುದಿಲ್ಲ ಎಂಬುದು ಆಗ ತಲೆಗೆ ಹೋಯಿತು. ಒಂದೊಂದು ಸೀರೆಯ ಮೇಲೂ ನೂರು ರೂಪಾಯಿ ಕೈಯಿಂದ ಹಾಕಿ, ಹೆಚ್ಚು ಮಾರಿದಷ್ಟೂ ಹೆಚ್ಚು ಹಾಕಿ, ಮೇಲೆ ಇನ್ನೂ ನಲವತ್ತಕ್ಕೆ ಹೇಳಿ ಕಳಿಸಿದ್ದೆ.

ಆ ನಲವತ್ತು ಬಂದು ಇಳಿಯುವ ದಿನ ನಾಟಕದವರು ತಂಬು ಬಿಚ್ಚುತ್ತಿದ್ದರು. ಸೀರೆಯ ಬೆಲೆ ಮಾತ್ರ ಬದಲಾಗುವ ವೆಚ್ಚ ಎಂದು ನಂಬಿದ್ದೆನಲ್ಲ, ಆ ನಂಬಿಕೆಯೂ ಅಲ್ಲೇ ಬಿಚ್ಚಿತು. ಒಂದೇ ಖರ್ಚು ಯಾವ ಪ್ರಶ್ನೆಗೆ ಉತ್ತರವಾಗಿ ನಿಂತಿದೆ ಎಂಬುದರ ಮೇಲೆ ವೇಷ ಬದಲಿಸುತ್ತದೆ ಎಂದು ಅಮೆರಿಕದ ಜಾನ್ ಮಾರಿಸ್ ಕ್ಲಾರ್ಕ್ 1923ರಲ್ಲಿ ದಪ್ಪನೆಯ ಪುಸ್ತಕವನ್ನೇ ಬರೆದ. ಮಾಮಾನಿಗೆ ಫೋನಿನಲ್ಲಿ ಒಂದೇ ವಾಕ್ಯ ಸಾಕಾಯಿತು: "ನೇದದ್ದು ಬಿಚ್ಚಾಕ ಬರೂದಿಲ್ಲೋ ಅಳಿಯಾ." ದುಡ್ಡು ಕಳಿಸಿದೆ. ಆ ಮನುಷ್ಯ ಕಣ್ಣು ಸೋಲಿಸಿಕೊಂಡು ಹಾಕಿದ ಕೊಂಡಿಗೆ ಚೌಕಾಶಿ ಮಾಡುವಷ್ಟು ಕಾಸ್ಟಿಂಗ್ ನಾನು ಇನ್ನೂ ಕಲಿತಿಲ್ಲ.

ಕೊನೆಯ ಲೆಕ್ಕ ಇಷ್ಟು: ಇಪ್ಪತ್ತೊಂದು ಸೀರೆಯಿಂದ ಬಂದದ್ದು 12,600, ಮೂವತ್ತೊಂಬತ್ತರಿಂದ ಹೋದದ್ದು 3,900, ಉಳಿದದ್ದು 8,700. ಬಾಡಿಗೆ, ಪಗಾರ, ದೀಪ 33,000, ಚಾ 4,500. ನಿವ್ವಳ ಲುಕ್ಸಾನು 28,800. ಮನೆಯ ಮಂಚದ ಮೇಲೆ 56,000 ರೂಪಾಯಿಯ ನಲವತ್ತು ಸೀರೆ. ಅವು ಮಂಚ ಏರಿದ್ದರಿಂದ ನಾನು ಪಡಸಾಲೆಗೆ ಇಳಿದಿದ್ದೆ.

ಇದರಲ್ಲಿ ಒಂದು ಖರ್ಚು ಸೇರಿಲ್ಲ. ತಿಂಗಳಿಡೀ ಊಟದ ಡಬ್ಬಿ ತಂದ ಹೆಂಡತಿ ಎದುರಿನ ಸಾಲಿನ ಚೌಕಟ್ಟುಗಳನ್ನು ನೋಡುತ್ತಲೇ ಇದ್ದಳು. ಜಾತ್ರೆಯ ಕೊನೆಗೆ ರೇಟು ಬಿದ್ದಾಗ ಒಂದನ್ನು ಕೊಂಡಳು. ಎರಡೂ ಪಕ್ಕಕ್ಕೆ ಬಳ್ಳಿ, ಮೇಲೆ ಗಜಲಕ್ಷ್ಮಿ, ಅಪ್ಪಟ ಸಾಗವಾನಿ. ನವನಗರದ ನಮ್ಮ ಮನೆಯಲ್ಲಿ ಬಾಗಿಲಿಲ್ಲದ ಗೋಡೆಯೇ ಇಲ್ಲ. ಚೌಕಟ್ಟು ಅಂಗಳದ ಕಂಪೌಂಡಿಗೆ ಒರಗಿ ನಿಂತಿತು. ಅದರೊಳಗಿಂದ ನೋಡಿದರೆ ಎದುರುಮನೆಯ ನೀರಿನ ಟಾಕಿ ಕಾಣುತ್ತಿತ್ತು.

"ಸೀರಿ ಇಡಾಕ ಒಂದು ಖೋಲಿ ಬೇಕ ಬೇಕು," ಎಂದಳು. "ಬಾಗಿಲಾ ಅಂತೂ ತಂದೇವಿ."

ಗೌಂಡಿ ಬಂದು ಟೇಪು ಹಿಡಿದು ಅಳೆದ. ಒಂದು ಖೋಲಿಯ ಖರ್ಚು ಹೇಳಿದ. ನಾನು ಡೈರಿ ತೆಗೆಯುವಷ್ಟರಲ್ಲಿ, "ಕಟ್ಟಸೂದ ಆದ್ರ ಒಂದಕ್ಕ ಎರಡು ಕಟ್ಟಸ್ರಿ ಸರ್," ಎಂದ. "ನಡುವಿನ ಗೋಡಿ ಎರಡಕ್ಕೂ ಒಂದ ಸಾಕು. ಒಂದ ಖೋಲಿ ಅಂದ್ರ ನಿಮಗ ತುಟ್ಟಿ ಬೀಳತೈತಿ."

ಹೆಂಡತಿ ಆಗಲೇ ಎದ್ದು ಹೋಗಿ, ಮುಂದಿನ ಬನದ ಹುಣ್ಣಿಮೆ ಯಾವತ್ತು ಬಿದ್ದಿದೆಯೆಂದು ಗೋಡೆಯ ಕ್ಯಾಲೆಂಡರ್ ತಿರುವುತ್ತಿದ್ದಳು.