ಯವ್ವನ ಚರಗಸೂತ್ರಗಳು ಮತ್ತು ಅವುಗಳ ಕುರಕುಂಟಾ ಟೀಕೆ

ಮಳಖೇಡದ ಗಾಳಿ ಬೀಸುವ ಸೀಮೆಯಲ್ಲಿ ಹುಟ್ಟಿದವರಿಗೆ ಗ್ರಂಥ ಬರೆಯುವ ಚಟ ತಾನಾಗಿಯೇ ಅಂಟಿಕೊಳ್ಳುತ್ತದೆ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಕೂತು ಶ್ರೀವಿಜಯ ಕವಿಗಳ ತಪ್ಪನ್ನೆಲ್ಲ ವಿಂಗಡಿಸಿ ಕವಿರಾಜಮಾರ್ಗ ಮಾಡಿದ. ಟೀಕಾಚಾರ್ಯರೆಂದೇ ಹೆಸರಾದ ಜಯತೀರ್ಥರನ್ನು ನೆನೆದು ಜನ ಇವತ್ತಿಗೂ ಅದೇ ಊರಿನ ಕಾಗಿಣಾ ದಂಡೆಗೆ ಬರುತ್ತಾರೆ. ಅದೇ ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿ ಮಾತ್ರ ಒಂದು ಶಾಸ್ತ್ರಗ್ರಂಥವೂ ಹುಟ್ಟಲಿಲ್ಲವಲ್ಲ ಎಂಬ ಕೊರಗು ನನ್ನದು. ಅದನ್ನು ನೀಗಲು ಈ ಟೀಕೆ. ಮೂಲ ಸೂತ್ರಗಳ ಕರ್ತೃ ನಮ್ಮ ಯವ್ವ. ತಾನು ಸೂತ್ರಕಾರಳೆಂಬುದು ಆಕೆಗೆ ತಿಳಿಯದು. ತಿಳಿಸಿದರೆ 'ಹೋಗಿ ನೀರ ತುಂಬು' ಅಂದಾಳು. ಅದೂ ಸೂತ್ರವೇ, ಆದರೆ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.

ಗ್ರಂಥದ ವಿಷಯ ಎಳ್ಳ ಅಮಾಸಿ. ಪಂಚಾಂಗದಲ್ಲಿ ಅದು ಮಾರ್ಗಶಿರದ ಅಮಾವಾಸ್ಯೆ. ನಮ್ಮಲ್ಲಿ ಬಸುರಾದ ಹೊಲಕ್ಕೆ ಬಯಕೆಯ ಊಟ. ಜೋಳ ಹೊಡೆಯಾಗಿರುತ್ತದೆ, ಕಡಲೆ ಕಾಯಿ ಕಟ್ಟುತ್ತಿರುತ್ತದೆ, ತೊಗರಿ ಕಾಳು ತುಂಬಿಕೊಂಡಿರುತ್ತದೆ. ಉಪಕಾರ ಮಾಡಿದ ಭೂಮಿಗೆ ಕೃತಜ್ಞತೆ ಹೇಳುವ ಹಬ್ಬ ಎಂದು ಪಂಡಿತರು ಬರೆಯುತ್ತಾರೆ. ಬರೆಯಲಿ. ಇಲ್ಲೊಂದು ತೊಡಕಿದೆ: ಕೃತಜ್ಞತೆ ಹೇಳುವುದಕ್ಕೆ ಕುರಕುಂಟಾದ ಮನೆಮಾತಿನಲ್ಲಿ ಶಬ್ದವೇ ಇಲ್ಲ. 'ಧನ್ಯವಾದಗಳು' ಎಂಬುದು ನಮ್ಮೂರಿಗೆ ಬರುವುದು ಮೈಕಿನ ಮೂಲಕ. ಅದೂ ಕಾರ್ಯಕ್ರಮದ ಕಟ್ಟಕಡೆಗೆ, ವಂದನಾರ್ಪಣೆ ಎಂಬ ಹೆಸರಿನಲ್ಲಿ, ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿನಲ್ಲಿ. ಶಬ್ದವೇ ಇಲ್ಲದ ಊರಿನಲ್ಲಿ ಆ ಕೆಲಸ ಹೇಗೆ ನಡೆಯುತ್ತದೆ ಎಂಬುದೇ ಈ ಟೀಕೆಯ ಪ್ರಮೇಯ.

ಮೊದಲ ಸೂತ್ರ: 'ಅಮಾಸಿಗಿ ಬಾ.'

ಇಲ್ಲಿ ತೇದಿ ಹೇಳಿಲ್ಲವೆಂದು ತಾರ್ಕಿಕರು ಆಕ್ಷೇಪಿಸುತ್ತಾರೆ. ತೇದಿ ಹೇಳದಿರುವುದೇ ಸೂತ್ರದ ಬಿಗಿ. 2022ರ ಡಿಸೆಂಬರ್ 23ಕ್ಕೆ ಈ ಅಮಾಸಿ ಬಂತು. ಮರುವರ್ಷ ಅಧಿಕ ಶ್ರಾವಣ ನುಸುಳಿದ್ದರಿಂದ 2023ರಲ್ಲಿ ಅದು ಬರಲೇ ಇಲ್ಲ. 2024ರ ಜನವರಿ 11ಕ್ಕೆ ಒಮ್ಮೆ, ಡಿಸೆಂಬರ್ 30ಕ್ಕೆ ಮತ್ತೊಮ್ಮೆ ಬಂತು. ಒಂದೇ ವರ್ಷದಲ್ಲಿ ಒಂದೇ ಹಬ್ಬಕ್ಕೆ ಎರಡು ಸಲ ರಜೆ ಕೇಳಿದ ನನ್ನನ್ನು ಬೆಂಗಳೂರಿನ ಆಫೀಸಿನ ಸಾಹೇಬರು ಕರೆಸಿಕೊಂಡರು. ಅರ್ಜಿಯ ಕಾರಣದ ಕಾಲಮ್ಮಿನಲ್ಲಿ 'ಭೂಮಿಯ ಸೀಮಂತ' ಎಂದಿತ್ತು. "ಜನವರಿಯಲ್ಲೂ ಸೀಮಂತ, ಡಿಸೆಂಬರಿನಲ್ಲೂ ಸೀಮಂತ. ಈ ಭೂಮಿ ನಿಮ್ಮ ಅಕ್ಕನೋ ತಂಗಿಯೋ?" ಎಂದು ಕೇಳಿದರು. ತಾಯಿ ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ರಜೆ ಕೊಟ್ಟರು.

ಎರಡನೆಯ ಸೂತ್ರ: 'ಇದ್ದದ್ದೆಲ್ಲಾ ಹಾಕು.'

ಇದು ಭಜ್ಜಿಯ ಕುರಿತು. ಎಣ್ಣೆಯಲ್ಲಿ ಕರಿದ ಭಜಿ ಎಂದು ತಿಳಿದು ಮೋಸಹೋದ ದಕ್ಷಿಣದ ಅಳಿಯಂದಿರು ಎಷ್ಟೋ ಮಂದಿ. ಇದು ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ, ಮೆಂತ್ಯ, ಪಾಲಕ, ಉಳ್ಳಾಗಡ್ಡಿ ಸೊಪ್ಪು, ಗಜ್ಜರಿ, ಬದನೆ ಎಲ್ಲವನ್ನೂ ಹುಣಸೆಹುಳಿ, ಕಡ್ಲಿಹಿಟ್ಟಿನೊಂದಿಗೆ ಕುದಿಸಿದ ಪದಾರ್ಥ. ಹಿಂದಿನ ರಾತ್ರಿಯೇ ಒಲೆ ಏರಿ, ಬೆಳಗಿನ ಹೊತ್ತಿಗೆ ಯಾವ ಕಾಳು ಯಾವುದೆಂದು ಗುರುತು ಸಿಗದಷ್ಟು ಒಂದಾಗಿರುತ್ತದೆ. ಇಲ್ಲಿ ಪಾಠಾಂತರಗಳುಂಟು. ಚಿಂಚೋಳಿಯ ಅತ್ತೆಯ ಪ್ರತಿಯಲ್ಲಿ ಬಾರಿಕಾಯಿ ಬೀಳುತ್ತದೆ. ಶಹಾಬಾದಿನ ಕಾಕಿ ಅದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುತ್ತಾಳೆ. ಚಿತ್ತಾಪುರದ ವೈನಿ ಬೆಲ್ಲದ ಚೂರನ್ನು ಯಾರೂ ನೋಡದಾಗ ಸೇರಿಸಿ, ಕೇಳಿದರೆ ಇಲ್ಲವೆನ್ನುತ್ತಾಳೆ. ನಾನು ಮೂರು ಪಾಠಗಳನ್ನೂ ತೌಲನಿಕವಾಗಿ ಪರಿಶೀಲಿಸಿ ಒಂದು ಶುದ್ಧ ಪ್ರತಿ ಸಿದ್ಧಪಡಿಸುವ ಸಲುವಾಗಿ ಕಾಳು ಎಣಿಸಲು ಕೂತೆ. 'ಮೂಲ ಪಾಠ ಯಾವುದು?' ಎಂದು ಯವ್ವನನ್ನೇ ಕೇಳಿದೆ. 'ಆ ವರ್ಷ ಹೊಲ ಏನ ಕೊಟ್ಟದೋ ಅದು' ಅಂದಳು. ಸಂಪಾದನಶಾಸ್ತ್ರ ಅಲ್ಲಿಗೇ ನಿಂತಿತು. ಕಾಳುಗಳನ್ನು ಮತ್ತೆ ಬೋಗುಣಿಗೆ ಸುರುವಿದೆ.

ಈ ತೊಗರಿಗೆ 2019ರಲ್ಲಿ 'ಗುಲಬರ್ಗಾ ತೊಗರಿ ಬೇಳೆ' ಎಂದು ಭೌಗೋಳಿಕ ಸೂಚಕದ ಗುರುತು ಸಿಕ್ಕಿದೆ. ಊರು 2014ರ ನವೆಂಬರ್ 1ಕ್ಕೇ ಕಲಬುರಗಿಯಾಯಿತು. ಬೇಳೆಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಭಜ್ಜಿಯ ಜೊತೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಶೇಂಗಾ ಹಿಂಡಿ, ಮೊಸರು ಇವುಗಳ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದ್ದರಿಂದ ಟೀಕೆ ಬೇಕಿಲ್ಲ.

ಮೂರನೆಯದು: 'ಮೊದಲ ಆಕಿಗಿ, ಆಮ್ಯಾಲ ನಿನಗ.'

ಆಕಿ ಎಂದರೆ ಭೂಮಿ. ಆಕೆಗೆ ಬಡಿಸಲು ಹೊಲಕ್ಕೇ ಹೋಗಬೇಕು. ಇದನ್ನು ವಿಶ್ವವಿದ್ಯಾಲಯದವರು ಕ್ಷೇತ್ರಕಾರ್ಯ ಎನ್ನುತ್ತಾರೆ. ಕ್ಷೇತ್ರವೆಂದರೆ ಹೊಲವೆಂದು ಮರೆತೇ ಎನ್ನುತ್ತಾರೆ. ನಾನು ಮರೆಯಲಿಲ್ಲ. ಹಿಂದೆ ಎತ್ತಿನ ಗಾಡಿ ಹೂಡುತ್ತಿದ್ದರು. ಈಗ ಎರಡು ಟಂಟಂ. ಒಂದರಲ್ಲಿ ಮಂದಿ, ಇನ್ನೊಂದರಲ್ಲಿ ರೊಟ್ಟಿ ಬುಟ್ಟಿ. ರೊಟ್ಟಿಯ ಟಂಟಮ್ಮಿನ ಡ್ರೈವರ್ ನಿಧಾನ ಹೋಗುತ್ತಾನೆ. ಹೊಲದ ನಡುವೆ ಜೋಳದ ದಂಟಿನ ಕೊಂಪೆ, ಒಳಗೆ ಐದು ಕಲ್ಲು, ಐವರೂ ಪಾಂಡವರು. ಸುಣ್ಣ ಬಳಿದು ಕುಂಕುಮ ಇಟ್ಟಾಗ ಯಾವನು ಧರ್ಮ, ಯಾವನು ಭೀಮ ಎಂದು ಕೇಳಿ ಟಿಪ್ಪಣಿ ಮಾಡಿಕೊಳ್ಳಲು ಹೋದೆ. ದೊಡ್ಡ ಕಲ್ಲು ಭೀಮನೇ ಇರಬೇಕೆಂಬ ನನ್ನ ಊಹೆಯನ್ನು ಅಪ್ಪ ಒಪ್ಪಲಿಲ್ಲ. ಹೋದ ವರ್ಷ ಅದೇ ಕಲ್ಲು ನಕುಲನಾಗಿತ್ತಂತೆ.

ಆಮೇಲೆ ಚರಗ, ಅಂದರೆ ಹೊಲಕ್ಕೆ ಎಡೆ ಚೆಲ್ಲುವುದು. ಮುಂದೆ ಅಪ್ಪ, ಬುಟ್ಟಿಯಲ್ಲಿ ಭಜ್ಜಿ ಕಲಸಿದ ರೊಟ್ಟಿ ಚೂರು, ಕಡಬು, ಅನ್ನ. ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುವ ನಾನು. ಅಪ್ಪ ಕೂಗು ಹಾಕಬೇಕು, ನಾನು ಓಗೊಡಬೇಕು. ಆ ಕೂಗಿನ ಶುದ್ಧರೂಪ ಇನ್ನೂ ಇತ್ಯರ್ಥವಾಗಿಲ್ಲ: ಬೀದರಿನವರದು ಒಂದು, ರಾಯಚೂರಿನವರದು ಒಂದು, ನಮ್ಮ ಪಕ್ಕದ ಹೊಲದವರದು ಇನ್ನೊಂದು. ಅರ್ಥ ಕೇಳಿದರೆ 'ಕೂಗು' ಎನ್ನುತ್ತಾರೆ. ಬದುವಿನ ಗುಂಟ ನಡೆದಂತೆ ಅಪ್ಪನ ಕೈ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸುತ್ತದೆ, ಹಕ್ಕಿ ಇರುವೆಗಳ ಪಾಲು ಎರೆಮಣ್ಣಿನ ಬಿರುಕಿಗೆ ಬೀಳುತ್ತದೆ. ಒಂದು ಕಡಬು ಉರುಳಿ ಕಡಲೆಗಿಡದ ಬುಡಕ್ಕೆ ಕೂತಿತು. ಆಸೆಯಿಂದ ನೋಡಿದೆ. ಹಸಿವಿನಿಂದ ಕ್ಷೇತ್ರಕಾರ್ಯದ ವಸ್ತುನಿಷ್ಠತೆಗೆ ಎಷ್ಟು ಧಕ್ಕೆ ಬರುತ್ತದೆಂದು ಯಾರಾದರೂ ಅಧ್ಯಯನ ಮಾಡಬೇಕು.

ನಮ್ಮ ಎರೆಮಣ್ಣಿನ ಕೆಳಗೆ ಸುಣ್ಣಕಲ್ಲು. ಶಹಾಬಾದಿನಲ್ಲಿ ಅದು ಹಾಸುಗಲ್ಲಾಗುತ್ತದೆ, ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟಾಗುತ್ತದೆ. ಮೇಲಿನ ಪದರಕ್ಕೆ ಚರಗ, ಕೆಳಗಿನ ಪದರಕ್ಕೆ ಬ್ಲಾಸ್ಟಿಂಗ್. ಈ ಅಸಮಾನತೆಯನ್ನು ಕಂಡವನು ನಮ್ಮ ಕಾಕಾ ಒಬ್ಬನೇ. ಕುರಕುಂಟಾದ ಸಿಸಿಐ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದವನು. ಅದು 1990ರ ದಶಕದಲ್ಲಿ ನಿಂತಿತು. ಚರಗ ಮುಗಿದ ಮೇಲೆ ಬುಟ್ಟಿಯ ತಳ ಬಳಿದು ಕೊನೆಯ ಹಿಡಿಯನ್ನು ಕಾಕಾ ಕಾರ್ಖಾನೆಯ ದಿಕ್ಕಿಗೆ ಎಸೆಯುತ್ತಾನೆ. 'ಅದೂ ಅನ್ನ ಹಾಕ್ಯಾದ' ಎನ್ನುತ್ತಾನೆ. ಇದಕ್ಕೆ ಯವ್ವನ ಸೂತ್ರದ ಆಧಾರವಿಲ್ಲ. ಆದರೂ ಆಕೆ ಬುಟ್ಟಿಯ ತಳದಲ್ಲಿ ಪ್ರತಿ ವರ್ಷ ಅಷ್ಟು ಉಳಿಸಿರುತ್ತಾಳೆ.

ಈಗ ಪೂರ್ವಪಕ್ಷ. ಡಲ್ಲಾಸಿನಲ್ಲಿರುವ ನಮ್ಮಣ್ಣನ ವಾದವಿದು: ಅಮೆರಿಕದಲ್ಲಿ ಕೃತಜ್ಞತೆಗೆ ನವೆಂಬರಿನ ನಾಲ್ಕನೇ ಗುರುವಾರವೆಂದು 1941ರಲ್ಲೇ ಕಾಯ್ದೆ ಮಾಡಿದ್ದಾರೆ, ಅಧಿಕಮಾಸದ ಕಾಟವಿಲ್ಲ, ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ತಾವು ಯಾವುದಕ್ಕೆ ಋಣಿ ಎಂದು ಬಾಯಿಬಿಟ್ಟು ಹೇಳುತ್ತಾರೆ. ವಿಡಿಯೋ ಕಾಲಿನಲ್ಲಿ ಇದನ್ನು ಕೇಳಿದ ಯವ್ವ ಎರಡು ಪ್ರಶ್ನೆ ಹಾಕಿದಳು. 'ಎಲ್ಲಾರ ಮುಂದ ಹೇಳಬೇಕಾ? ಹೇಳೂತನಕ ರೊಟ್ಟಿ ಆರಂಗಿಲ್ಲೇನು?' ಅಣ್ಣನ ಬಳಿ ಸಮಾಧಾನವಿರಲಿಲ್ಲ. ಪೂರ್ವಪಕ್ಷ ಬಿದ್ದುಹೋಯಿತು.

ಸಿದ್ಧಾಂತ: ನಮ್ಮಲ್ಲಿ ಕೃತಜ್ಞತೆ ಬೈಗುಳದ ರೂಪದಲ್ಲಿ ಪ್ರಕಟವಾಗುತ್ತದೆ. ಇದನ್ನು ಸಾಧಿಸುವುದು ನಾಲ್ಕನೆಯ ಸೂತ್ರ, 'ಇಷ್ಟೇ ಉಂಡ್ರ ಹ್ಯಾಂಗೋ?' ಇಡೀ ವರ್ಷ ಹೊಲ ನೋಡಿಕೊಂಡ ಆಳುಮಕ್ಕಳಿಗೂ, ದಾರಿಯಲ್ಲಿ ಹೋಗುವ ಅಪರಿಚಿತರಿಗೂ, ಬೇರೆ ಹೊಲದಲ್ಲಿ ಉಂಡು ಹೊಟ್ಟೆ ಬಿರಿದು ಬಂದವರಿಗೂ ಇದೊಂದೇ ಮಂತ್ರ. ಉತ್ತರವಾಗಿ ಅವರೂ ಬೈಯಬೇಕು: 'ಸಾಯಸ್ತೀ ಏನವ್ವಾ?' ಇಷ್ಟಾದರೆ ಎರಡೂ ಕಡೆಯ ಲೆಕ್ಕ ಚುಕ್ತಾ.

ಶಾಸ್ತ್ರದ ರೂಢಿಯಂತೆ ಗ್ರಂಥಕ್ಕೊಂದು ಪ್ರಯೋಗಪರೀಕ್ಷೆ ಬೇಕು. ವಾಡಿಯಲ್ಲಿ ರೈಲು ಹತ್ತುವಾಗ ಯವ್ವ ಸ್ಟೀಲಿನ ಡಬ್ಬಿಯಲ್ಲಿ ಭಜ್ಜಿ, ಬಟ್ಟೆಯಲ್ಲಿ ಸುತ್ತಿದ ಸಜ್ಜಿ ರೊಟ್ಟಿ ಕಟ್ಟಿಕೊಟ್ಟಿದ್ದಳು. ಬೆಂಗಳೂರಿನಲ್ಲಿ ಮರುದಿನ ಬಿಸಿಮಾಡಿ ಉಂಡೆ. ಹಳೆಯದಾದಷ್ಟೂ ಏರಿದ ರುಚಿಗೆ ಮನಸ್ಸು ತುಂಬಿಬಂದು, ಇವತ್ತಾದರೂ ಹೇಳಿಬಿಡಬೇಕೆಂದು ಫೋನ್ ಹಚ್ಚಿದೆ. "ಯವ್ವಾ, ಭಾಳ ಥ್ಯಾಂಕ್ಸ್" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಗಾಬರಿಯ ದನಿ:

"ಯಾಕೋ ತಮ್ಮಾ, ಭಜ್ಜಿ ಹಳಸ್ಯಾದೇನು?"