ಮಾವಯ್ಯನ ಮೋವರ್

ಮೂಡಿಗೆರೆ ಕಡೆಗೆ ಹೆಣ್ಣು ಕೊಡುವವರು ತೋಟ ಎಷ್ಟೆಕರೆ, ಅರೇಬಿಕಾನೋ ರೊಬಸ್ಟಾನೋ, ಕೆರೆ ಇದೆಯೋ ಇಲ್ಲವೋ ಎಂದು ವಿಚಾರಿಸುತ್ತಾರೆ. ನಮ್ಮ ತಂದೆಯೂ ವಿಚಾರಿಸಿದ್ದರು. ಹುಡುಗ ಅಮೆರಿಕದಲ್ಲಿದ್ದಾನೆ, ತೋಟದ ಉಸಾಬರಿಗೆ ಹೋಗುವವನಲ್ಲ ಎಂದು ತಿಳಿದ ಮೇಲೆ ಅವರಿಗೆ ಇನ್ನಷ್ಟು ಸಮಾಧಾನವಾಯಿತು. ಮಗಳು ಮಳೆಗಾಲದಲ್ಲಿ ಇಂಬಳ ಕಚ್ಚಿಸಿಕೊಳ್ಳುವುದಾದರೂ ತಪ್ಪಿತಲ್ಲ! ಮುಂದೆ ಆ ಹುಡುಗನಿಗೆ ಶಿಕಾಗೊದ ಪಶ್ಚಿಮಕ್ಕಿರುವ ಉಪನಗರವೊಂದರಲ್ಲಿ ಕಾಲು ಎಕರೆ ಹುಲ್ಲಿನ ಯೋಗವಿದೆ ಎಂದು ಜಾತಕ ನೋಡಿದವರೂ ಹೇಳಲಿಲ್ಲ.

ಕಾಲು ಎಕರೆ ಎಂದರೆ ನಮ್ಮ ಮಾವಯ್ಯನ ಲೆಕ್ಕದಲ್ಲಿ ಕಾಫಿ ಒಣಗಿಸುವ ಕಣಕ್ಕೂ ಸಾಲದು. ಆದರೆ ಅದರ ದರ್ಬಾರು ನೋಡಬೇಕು. ಏಪ್ರಿಲ್‌ನಲ್ಲಿ ಹಿಮ ಕರಗಿ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಬುಧವಾರ ಕತ್ತರಿಸಿದ್ದು ಶನಿವಾರಕ್ಕೆ ಪಾದ ಮುಚ್ಚುತ್ತದೆ. ಇರಲಿ ಬಿಡು ಎನ್ನೋಣವೆಂದರೆ ಕಾನೂನು ಬಿಡುವುದಿಲ್ಲ. ಶಿಕಾಗೊ ನಗರದಲ್ಲಿ ಕಳೆ ಸರಾಸರಿ 10 ಇಂಚು ದಾಟಿದರೆ ನೂರಾರು ಡಾಲರ್ ದಂಡ. ಉಪನಗರಗಳಿಗೆ ಅವುಗಳದೇ ಇಂಚು, ಅವುಗಳದೇ ದಂಡ. ಅದಕ್ಕೂ ಮೊದಲು ಪಕ್ಕದ ಮನೆಯ ಹಿರಿಯರು ಬೇಲಿಯ ಹತ್ತಿರ ಬಂದು, "ಮೋವರ್ ಕೆಟ್ಟಿದೆಯಾ? ಬೇಕಾದರೆ ನಮ್ಮದು ಒಯ್ಯಿರಿ" ಎಂದು ಬಹಳ ಮರ್ಯಾದೆಯಿಂದ ನಮ್ಮ ಮರ್ಯಾದೆ ತೆಗೆಯುತ್ತಾರೆ.

ನಮ್ಮವರು ಹೈಸ್ಕೂಲಿನಲ್ಲಿದ್ದಾಗ ರಜೆ ಬಂತೆಂದರೆ ಮಾವಯ್ಯ ಅವರನ್ನು ಕಳೆ ಕೊಚ್ಚುವ ಆಳುಗಳ ಹಿಂದೆ ನಿಲ್ಲಿಸುತ್ತಿದ್ದರಂತೆ. ಕಾಫಿ ತೋಟದಲ್ಲಿ ಮಳೆಗೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಕಳೆ ತೆಗೆಸಲೇಬೇಕು. ನಡುವೆ ಮರಗಸಿ, ಗೊಬ್ಬರ, ಚಿಗುರು ತೆಗೆಸುವುದು. ಇದರಿಂದ ಪಾರಾಗಲೆಂದೇ ಇಂಜಿನಿಯರಿಂಗ್ ಓದಿದೆ ಎಂದು ಮದುವೆಯಾದ ಹೊಸದರಲ್ಲಿ ಹೇಳಿದ್ದರು. ಈಗ ಅದೇ ಇಂಜಿನಿಯರಿಂಗಿನ ಸಂಬಳದಲ್ಲಿ ಹುಲ್ಲಿನ ಬೀಜ ಕೊಂಡು, ಗೊಬ್ಬರ ಕೊಂಡು, ನೀರು ಹಾಯಿಸಿ ಬೆಳೆಸುತ್ತಾರೆ. ಬೆಳೆದದ್ದನ್ನು ಕತ್ತರಿಸಲು ಯಂತ್ರ ಕೊಳ್ಳುತ್ತಾರೆ. ಕತ್ತರಿಸಿದ್ದನ್ನು ಕಾಗದದ ಚೀಲಕ್ಕೆ ತುಂಬಿ, ಒಯ್ಯುವವರಿಗೂ ದುಡ್ಡು ಕೊಟ್ಟು ರಸ್ತೆ ಬದಿಗಿಡುತ್ತಾರೆ. ಇದನ್ನೆಲ್ಲ ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡ ಮಾವಯ್ಯ ಕೇಳಿದ್ದು ಒಂದೇ ಪ್ರಶ್ನೆ: "ದನ ಎಲ್ಲಿ?"

ಕಾಫಿ ಸೀಮೆ ಬಿಟ್ಟು ಹೋದವರಿಗೆ ಹುಲ್ಲಿನ ಹುಚ್ಚು ಹಿಡಿಯುವುದು ನಮ್ಮ ಮನೆಯಲ್ಲೇ ಮೊದಲೇನಲ್ಲ. ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರ್ ಮಂಜರಾಬಾದ್ ಸೀಮೆಯಲ್ಲಿ ಕಾಫಿ ಬೆಳೆದು, ಮೈಸೂರು ಕಾಡಿನ ಆ ಅನುಭವವನ್ನು 1871ರಲ್ಲಿ ಪುಸ್ತಕ ಮಾಡಿದ. ಸ್ಕಾಟ್ಲೆಂಡಿನ ಕ್ಲಿಫ್ಟನ್ ಪಾರ್ಕ್ ಎಂಬ ತನ್ನ ಜಮೀನಿನಲ್ಲಿ ಅವನು ಮಾಡಿದ್ದೇನು? ಹುಲ್ಲು ಬೆಳೆದ. ಯಾವ ಯಾವ ಬೀಜ ಬೆರೆಸಿ ಬಿತ್ತಿದರೆ ನೆಲ ಚೇತರಿಸಿಕೊಳ್ಳುತ್ತದೆ ಎಂದು ಅದರ ಮೇಲೂ ಪುಸ್ತಕ ಬರೆದು ಹೆಸರಾದ. ಅವನ ಹುಲ್ಲು ಮೇಯುವುದಕ್ಕಾದರೂ ಜಾನುವಾರುಗಳಿದ್ದವು. ಯಾರೂ ಮೇಯದ ಹುಲ್ಲನ್ನು ಸಮ ಮಾಡುವ ಯಂತ್ರಕ್ಕೆ ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದ. ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಗಿರಣಿ ಯಂತ್ರವನ್ನು ನೋಡಿ ಅವನಿಗೆ ಇದು ಹೊಳೆದದ್ದು. ಬಾಬಾಬುಡನ್ ಗಿರಿಯ ತಪ್ಪಲಲ್ಲಿ ಥಾಮಸ್ ಕ್ಯಾನನ್ ಎಂಬ ಇಂಗ್ಲಿಷಿನವನು ಕಾಫಿ ತೋಟ ಹಾಕಿದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಹಾಗೆ ನೋಡಿದರೆ ನಮ್ಮ ಮನೆಯ ಎರಡು ತಾಪತ್ರಯಗಳೂ ಒಂದೇ ವಾರಿಗೆಯವು.

ಮೋವರ್ ಕೊಳ್ಳುವುದಕ್ಕೆ ನಮ್ಮವರು ತೆಗೆದುಕೊಂಡಷ್ಟು ಕಾಲವನ್ನು ನನ್ನನ್ನು ಒಪ್ಪುವುದಕ್ಕೂ ತೆಗೆದುಕೊಂಡಿರಲಿಲ್ಲ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಹೋದರೆ ವೇದಿಕೆಯ ಮೇಲೆ ಮಕ್ಕಳ ಕೋಲಾಟ, ಕೆಳಗೆ ಬಿಸಿಬೇಳೆ ಬಾತಿನ ಸಾಲಿನಲ್ಲಿ ಅಪ್ಪಂದಿರ ಮೋವರ್ ಗೋಷ್ಠಿ. ತಳ್ಳುವುದೋ, ತಾನೇ ಓಡುವುದೋ, ಕೂತು ಓಡಿಸುವುದೋ? ಕ್ಯಾಲಿಫೋರ್ನಿಯಾದಿಂದ ಬಂದವರೊಬ್ಬರು, 2024ರಿಂದ ತಯಾರಾಗುವ ಸಣ್ಣ ಎಂಜಿನ್‌ಗಳು ಹೊಗೆಯನ್ನೇ ಬಿಡಬಾರದೆಂದು ತಮ್ಮ ರಾಜ್ಯ ನಿಯಮ ಮಾಡಿದ್ದನ್ನು ಹೇಳಿ ಬ್ಯಾಟರಿ ಪಕ್ಷಕ್ಕೆ ಬಲ ತಂದರು. ಪೆಟ್ರೋಲ್ ಪಕ್ಷದವರು ಹೋಂಡಾ ಕಂಪನಿ 2023ರಲ್ಲಿ ಅಮೆರಿಕದಲ್ಲಿ ಮೋವರ್ ತಯಾರಿಕೆ ನಿಲ್ಲಿಸಿದ್ದನ್ನು ನೆನೆದು ಮನೆಯ ಹಿರಿಯರು ಹೋದಂತೆ ಮೌನವಾದರು. ಹಪ್ಪಳ ಬಡಿಸುವವರು ಬಂದಿದ್ದು ಯಾರಿಗೂ ಗೊತ್ತಾಗಲಿಲ್ಲ.

ಕೊನೆಗೆ ಒಂದು ಕೆಂಪು ಮೋವರ್ ಬಂತು. ಅದರ ಹೆಸರು ಬೇಡ, ಇನ್ನೂ ನಮ್ಮ ಗ್ಯಾರೇಜಿನಲ್ಲೇ ಇದೆ. ದೊಡ್ಡ ಮಾಲಿನಲ್ಲಿ ಕೊಂಡರೆ ರಿಪೇರಿಗೆ ದಿಕ್ಕಿರುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಹುಲ್ಲಿನ ಯಂತ್ರಗಳನ್ನಷ್ಟೇ ಮಾರುವ ಡೀಲರನ್ನು ಹುಡುಕಿ ಹೋಗಿದ್ದೆವು. ಹೊರಗೆ ಸಾಲಾಗಿ ನಿಂತ, ಕೂತು ಓಡಿಸುವ ಮೋವರ್‌ಗಳು, ಒಳಗೆ ಗೋಡೆಯ ತುಂಬ ನೇತುಹಾಕಿದ ಬ್ಲೇಡ್, ಬೆಲ್ಟ್, ಏರ್ ಫಿಲ್ಟರ್. ಪೆಟ್ರೋಲ್, ಗ್ರೀಸ್, ಒಣಗಿದ ಹುಲ್ಲು ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ನಮ್ಮವರು, "ಮೂಡಿಗೆರೆ ಅಂಗಡಿ ಥರಾನೇ ಇದೆ" ಎಂದರು. ವಾಸನೆ ಮಾತ್ರ ಎಂದು ತಿಳಿದದ್ದು ಬಿಡಿಭಾಗ ಕೊಳ್ಳಲು ಹೋದಾಗ.

ಬ್ಲೇಡ್ ಬೇಕು ಎಂದರೆ ಕೌಂಟರಿನವನು ಬ್ಲೇಡಿನ ಕಡೆ ಕಣ್ಣೂ ಹಾಯಿಸುವುದಿಲ್ಲ. "ಮಾಡೆಲ್ ನಂಬರ್?" ನಮ್ಮವರು ಕೆಂಪು ಬಣ್ಣ, ಇಷ್ಟು ಅಗಲ, ಹೋದ ವರ್ಷ ನಿಮ್ಮಲ್ಲೇ ತಗೊಂಡಿದ್ದು ಎಂದು ವರ್ಣಿಸಿದರು. ಆತ ಸಂಕಲ್ಪಕ್ಕೆ ಮೊದಲು ಗೋತ್ರ ಕೇಳಿ ಕಾಯುವ ಪುರೋಹಿತರಂತೆ ಕೀಬೋರ್ಡಿನ ಮೇಲೆ ಬೆರಳಿಟ್ಟು ಸುಮ್ಮನೆ ಕಾಯ್ದ. ಮೋವರ್ ಒಂದು ಕಂಪನಿಯದು, ಅದರ ಮೇಲೆ ಕೂತ ಎಂಜಿನ್ ಇನ್ನೊಂದು ಕಂಪನಿಯದು. ಬ್ಲೇಡಿಗೆ ಮೋವರಿನ ನಂಬರ್ ಬೇಕು, ಏರ್ ಫಿಲ್ಟರಿಗೆ ಎಂಜಿನ್ನಿನದು ಬೇಕು. ಎಂಜಿನ್ನಿನದಾದರೂ ಒಂದೇ ನಂಬರ್ ಎಂದುಕೊಳ್ಳಬೇಡಿ. 1908ರಲ್ಲಿ ಶುರುವಾದ ಮಿಲ್ವಾಕಿಯ ಎಂಜಿನ್ ಕಂಪನಿ ಬ್ರಿಗ್ಸ್ ಅಂಡ್ ಸ್ಟ್ರಾಟನ್‌ನವರು ಮಾಡೆಲ್, ಟೈಪ್, ಕೋಡ್ ಎಂದು ಮೂರು ಸಾಲು ಅಚ್ಚೊತ್ತಿರುತ್ತಾರೆ. ಆ ರಾತ್ರಿ ನಾನು ಟಾರ್ಚು ಹಿಡಿದೆ. ನಮ್ಮವರು ಗ್ಯಾರೇಜಿನ ನೆಲದಲ್ಲಿ ಮಲಗಿ, ಒಣಗಿ ಅಂಟಿದ ಹುಲ್ಲನ್ನು ಹಳೆಯ ಟೂತ್‌ಬ್ರಶ್ಶಿನಲ್ಲಿ ಉಜ್ಜುತ್ತ ಒಂದೊಂದೇ ಅಂಕಿ ಕೂಗಿದರು. ಮಗಳು ಹೋಂವರ್ಕ್ ಪುಸ್ತಕದ ಹಿಂದೆ ಬರೆದುಕೊಂಡಳು. ಮರುದಿನ ಅವಳ ಟೀಚರ್ ಅದಕ್ಕೂ ಒಂದು ರೈಟ್ ಹಾಕಿ ಕಳಿಸಿದ್ದರು.

ಅಂಥ ಹೊತ್ತಿಗೆ ಮಾವಯ್ಯ ಬಂದರು. ಪೆಟ್ಟಿಗೆಯಲ್ಲಿ ಕಾಫಿ ಪುಡಿ, ಮೆಣಸು, ಏಲಕ್ಕಿ, ಒಂದು ಸ್ಕ್ರೂಡ್ರೈವರ್ ಸೆಟ್ಟು. ಮೇ ತಿಂಗಳು. ಮೋವರಿನ ಹಗ್ಗ ಎಳೆದೂ ಎಳೆದೂ ನಮ್ಮವರ ಭುಜ ಇಳಿದಿತ್ತು, ಯಂತ್ರ ಮಾತ್ರ ಕೆಮ್ಮುತ್ತಲೂ ಇರಲಿಲ್ಲ. ಡೀಲರಿಗೆ ಫೋನ್ ಮಾಡಿದರೆ, ವಸಂತದಲ್ಲಿ ಎಲ್ಲರದ್ದೂ ಕೆಡುತ್ತೆ, ಮೂರು ವಾರ ಕಾಯಬೇಕು ಎಂದ. "ಮೂರು ವಾರ? ಅಷ್ಟರೊಳಗೆ ಹುಲ್ಲು ಬೀಜ ಬಿಟ್ಟಿರುತ್ತಲ್ಲ ಮಾರಾಯ!" ಎಂದು ಮಾವಯ್ಯ ಸೋಫಾ ಬಿಟ್ಟು ಎದ್ದೇಬಿಟ್ಟರು.

ಮೂಡಿಗೆರೆಯಲ್ಲಿ ಮೂರು ವಾರ ಎಂಬ ಮಾತೇ ಇಲ್ಲ. ಅಲ್ಲಿ ವೀಡ್ ಕಟರ್ ಕೆಟ್ಟರೆ ಜೀಪಿನ ಹಿಂದೆ ಹಾಕಿಕೊಂಡು ಹೋಗಿ ಅಂಗಡಿ ಮುಂದೆ ಇಳಿಸುವುದು, ಪಕ್ಕದಲ್ಲಿ ಟೀ ಕುಡಿಯುವುದು, ಯಾರ ತೋಟದಲ್ಲಿ ಹೂ ಮಳೆ ಎಷ್ಟು ಬಿತ್ತು ಎಂದು ಕೇಳುವುದು. ಅಷ್ಟರಲ್ಲಿ ಅಂಗಡಿಯವರು ಶಬ್ದ ಕೇಳಿಯೇ, "ಪ್ಲಗ್ ಹೋಗಿದೆ ಗೌಡ್ರೇ. ಕಂಪನೀದೇ ಹಾಕ್ಲಾ, ಇನ್ನೊಂದು ಸಾಕಾ?" ಎನ್ನುತ್ತಾರೆ. ದುಡ್ಡು ಕಾಫಿ ಮಾರಿದ ಮೇಲೆ. ಹಾಗಂತ ಅಲ್ಲಿ ಯಂತ್ರ ಕೊಳ್ಳುವುದು ಸುಲಭ ಎಂದುಕೊಳ್ಳಬಾರದು. ಸಬ್ಸಿಡಿಯಲ್ಲಿ ತೆಗೆದುಕೊಳ್ಳುವುದಾದರೆ ಪಹಣಿ, ಆಧಾರ್, ಪಾಸ್‌ಬುಕ್ಕಿನ ಪ್ರತಿ, ಕೊನೆಗೆ ಯಂತ್ರದ ಪಕ್ಕ ನಿಂತು ಫೋಟೋ. ಮಾವಯ್ಯನ ಪರ್ಸಿನಲ್ಲಿ ಅತ್ತೆಯ ಫೋಟೋ ಇಲ್ಲ, ಫೋನಿನಲ್ಲಿ ವೀಡ್ ಕಟರ್ ಜೊತೆಗಿನದು ಇದೆ. ಅಲ್ಲಿ ಕೊಳ್ಳುವವನ ದಾಖಲೆ ಕೇಳುತ್ತಾರೆ, ಇಲ್ಲಿ ಯಂತ್ರದ್ದು.

ಅದೂ ಅಲ್ಲದೆ, ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಸ್ಕೂಟರನ್ನು ತಾವೇ ಬಿಚ್ಚಿ ಹರಡಿಕೊಂಡು ಕೂರುತ್ತಿದ್ದ ಊರು ಮೂಡಿಗೆರೆ. ಆ ಸೀಮೆಯ ಗಂಡಸರಿಗೆ ಕೆಟ್ಟ ಯಂತ್ರ ಕಂಡರೆ ಕೈ ಕಟ್ಟಿ ಕೂರಲು ಆಗುವುದಿಲ್ಲ. ತೇಜಸ್ವಿಯವರ ಪುಸ್ತಕ ಓದದವರಿಗೂ ಅಷ್ಟು ಮಾತ್ರ ಅಂಟಿದೆ.

"ಅಮ್ಮಾ, ಒಂದು ಪಾತ್ರೆ ಕೊಡು, ಆರು ನಿಂಬೆಹಣ್ಣು ಕೊಡು" ಎಂದರು ಮಾವಯ್ಯ. ಶರಬತ್ತಿಗೆ ಇರಬೇಕೆಂದು ಕೊಟ್ಟೆ. ನೋಡಿದರೆ ಒಲೆಯ ಮೇಲೆ ನಿಂಬೆರಸದಲ್ಲಿ ಕಾರ್ಬೊರೇಟರ್ ಕುದಿಯುತ್ತಿತ್ತು, ಅದೂ ಸಾರಿನ ಪಾತ್ರೆಯಲ್ಲಿ. ಕುದ್ದದ್ದನ್ನು ತೊಳೆದು, ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಕೆಳಗಿನ ಬಟ್ಟಲು ಬಿಚ್ಚಿ ತೋರಿಸಿದರು. ತಳದಲ್ಲಿ ಬೆಲ್ಲದ ಪಾಕದ ಬಣ್ಣದ ಅಂಟು. ಇಲ್ಲಿನ ಪೆಟ್ರೋಲಿನಲ್ಲಿ ಶೇ. 10 ಎಥನಾಲ್ ಇರುತ್ತದೆ. ನಮ್ಮವರು ನವೆಂಬರಿನಲ್ಲಿ ಟ್ಯಾಂಕು ಖಾಲಿ ಮಾಡದೆ ಹಾಗೇ ನಿಲ್ಲಿಸಿದ್ದರು. ಚಳಿಗಾಲವಿಡೀ ಅದು ನೀರು ಹೀರಿ, ಹಳಸಿ, ಅಂಟಾಗಿ ಕೂತಿತ್ತು. "ನಮ್ಮಲ್ಲೂ ಈಗ 20 ಹಾಕ್ತಾರೆ, ಮಳೆಗಾಲಕ್ಕೆ ಮುಂಚೆ ನಾನು ಟ್ಯಾಂಕು ಬೋರಲು ಹಾಕ್ತೀನಿ. ಇಂಜಿನಿಯರ್ ಅಂತೆ!" ಎಂದು ಮಾವಯ್ಯ ಪೆಟ್ರೋಲ್ ಹಾಯುವ ಜೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸಾಸಿವೆಯೂ ತೂರದ ಆ ಕಿಂಡಿಗೆ ಹಳೆಯ ಚಾರ್ಜರಿನ ತಂತಿಯಿಂದ ಒಂದೇ ಎಳೆ ಕಿತ್ತು ತೂರಿಸಿ, ಒಂದು ಕಣ್ಣು ಮುಚ್ಚಿ ನೋಡಿ, "ಹ್ಞಾ, ಬೆಳಕು ಬಂತು" ಎಂದರು. ಸಂಜೆ ಮೊದಲ ಎಳೆತಕ್ಕೆ ಯಂತ್ರ ಶುರುವಾಯಿತು. ನನಗೆ ಹೊಸ ಪಾತ್ರೆ ಬಂತು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬ್ಲೇಡಿಗೆ ಅರ ಹಾಕುತ್ತೇನೆ ಎಂದು ಮೋವರನ್ನು ಮಗ್ಗುಲಿಗೆ ಮಲಗಿಸಿದರು. ವೀಡ್ ಕಟರಿನ ಬ್ಲೇಡು ಹಿಡಿದಿರುವ ನಟ್ಟು ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಮೋವರಿನದು ಸಾಮಾನ್ಯ ನಟ್ಟು, ಎಡಕ್ಕೆ ತಿರುಗಿಸಬೇಕು. ವರ್ಷಗಟ್ಟಲೆ ತೋಟದಲ್ಲಿ ಪಳಗಿದ ಕೈ ಬಲಕ್ಕೇ ತಿರುಗಿತು. ಬಿಚ್ಚಲಿಲ್ಲ ಎಂದು ಸ್ಪ್ಯಾನರಿಗೆ ಕಬ್ಬಿಣದ ಪೈಪು ತೂರಿಸಿ ಇನ್ನೂ ಬಲವಾಗಿ ತಿರುಗಿಸಿದರು. ಕೊನೆಗೆ ಪಕ್ಕದ ಮನೆಯ ಹಿರಿಯರು ಇಂಪ್ಯಾಕ್ಟ್ ರೆಂಚ್ ತಂದು ಬಿಡಿಸಬೇಕಾಯಿತು. ಇವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವರಿಗೆ ಕನ್ನಡದ ಗಾಳಿಯೂ ಇಲ್ಲ. ಆದರೂ ಬ್ಲೇಡನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಎರಡೂ ಕಡೆ ತೂಕ ಸಮ ಇದೆಯೇ ಎಂದು ಇಬ್ಬರೂ ತಲೆ ಓರೆ ಮಾಡಿ ನೋಡುತ್ತಿದ್ದುದನ್ನು ಕಂಡರೆ ಬೀಗರೆಂದೇ ಅನ್ನಬೇಕು.

ಮಾರನೆಯ ದಿನ ನಾವಿಬ್ಬರೂ ಆಫೀಸಿಗೆ ಹೋದಾಗ ಮಾವಯ್ಯ ಮೋವರಿನ ನಾಲ್ಕೂ ಚಕ್ರದ ಸನ್ನೆಗಳನ್ನು ತೀರ ಕೆಳಗಿಳಿಸಿ ಇಡೀ ಅಂಗಳ ಹೊಡೆದಿದ್ದರು. ಹುಲ್ಲನ್ನು ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, ಮೂರು ಇಂಚಾದರೂ ಬಿಡಬೇಕು ಎಂಬುದು ಇಲ್ಲಿನ ಧರ್ಮಶಾಸ್ತ್ರ. ಮೂಡಿಗೆರೆಯ ಶಾಸ್ತ್ರವೇ ಬೇರೆ: ಕಳೆ ಹೊಡೆದ ಮೇಲೆ ನೆಲ ಕಾಣಬೇಕು. ನೆಲ ಕಾಣುತ್ತಿತ್ತು. ಬೀದಿಯಲ್ಲಿ ನಮ್ಮದೊಂದೇ ಅಂಗಳ ಕಂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. "ನೋಡು, ಇನ್ನು ಎರಡು ತಿಂಗಳು ನಿಂಗೆ ಯೋಚನೆ ಇಲ್ಲ" ಎಂದು ಮಗನ ಬೆನ್ನು ತಟ್ಟಿದರು. ನಮ್ಮವರ ಮುಖ ನೋಡಲಾಗಲಿಲ್ಲ. ಆದರೆ ಮಾವಯ್ಯ ಹೇಳಿದ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಬೇಸಿಗೆಯ ಶನಿವಾರಗಳಲ್ಲಿ ನನ್ನ ಗಂಡ ಮೊದಲ ಬಾರಿಗೆ ಬೆಳಗಿನ ತಿಂಡಿಗೆ ಕೂತು ತಿಂದರು.

ಹೊರಡುವಾಗ ಮಾವಯ್ಯನಿಗೆ ಬಾದಾಮಿ, ಚಾಕೊಲೇಟು ಏನೂ ಬೇಡವಾಯಿತು. ಡೀಲರ್ ಅಂಗಡಿಗೆ ಹೋಗಿ ಸ್ಪಾರ್ಕ್ ಪ್ಲಗ್ಗು, ನೈಲಾನ್ ದಾರದ ಉಂಡೆ, ಗರಗಸದ ಚೈನು ಆರಿಸಿ ತಂದರು. ಮಾಡೆಲ್ ನಂಬರ್ ಕೇಳಿದ ಕೌಂಟರಿನವನಿಗೆ ತಮ್ಮ ಫೋನಿನ ಸಬ್ಸಿಡಿ ಫೋಟೋ ತೋರಿಸಿದ್ದರು. ಅವನು ಅದನ್ನು ಹಿಗ್ಗಿಸಿ ಸ್ಟಿಕರ್ ಓದಿ ಸರಿಯಾದದ್ದೇ ಕೊಟ್ಟ. ಗ್ಯಾರೇಜ್ ಸೇಲ್ ಒಂದರಲ್ಲಿ ಎರಡು ಡಾಲರಿಗೆ ಸಿಕ್ಕ ಹಳೆಯ ಕಾರ್ಬೊರೇಟರನ್ನೂ ಒಯ್ಯಬೇಕೆಂದಿದ್ದರು. ಒಮ್ಮೆ ಪೆಟ್ರೋಲ್ ಮುಟ್ಟಿದ ಭಾಗವನ್ನು ವಿಮಾನಕ್ಕೆ ಹತ್ತಿಸುವುದಿಲ್ಲ ಎಂದು ನಮ್ಮವರು ತಿಳಿಸಿ ಹೇಳಿದರೆ, "ನಿಂಬೆಹಣ್ಣಲ್ಲಿ ಕುದಿಸಿದೀನಲ್ಲೋ" ಎಂದು ವಾದಿಸಿದರು.

ಈಗ ಅಲ್ಲೂ ಲಾನ್ ಬಂದಿದೆ. ಕಳಸದಿಂದ ಕೊಟ್ಟಿಗೆಹಾರದವರೆಗೆ ಹೋಮ್‌ಸ್ಟೇ ಮಾಡಿದವರೆಲ್ಲ ಅಂಗಳಕ್ಕೆ ಮೆಕ್ಸಿಕನ್ ಹುಲ್ಲು ಹಾಸಿದ್ದಾರೆ. ಬೆಂಗಳೂರಿನಿಂದ ಬಂದವರು ಕಾಫಿ ಗಿಡ ನೋಡಿ ಒಂದು ಫೋಟೋ, ಹುಲ್ಲಿನ ಮೇಲೆ ಮಲಗಿ ಹತ್ತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಅಮೆರಿಕದಲ್ಲಿ ಮೋವರ್ ರಿಪೇರಿ ಮಾಡಿ ಬಂದವರೆಂದು ಮಾವಯ್ಯನಿಗೆ ಸುತ್ತಲಿನ ತೋಟಗಳಿಂದ ಕರೆ. ಮೊನ್ನೆ ಶನಿವಾರ ಬೆಳಿಗ್ಗೆ ವಿಡಿಯೋ ಕಾಲ್ ಬಂತು. ಅಲ್ಲಿ ರಾತ್ರಿ, ಹೊರಗೆ ಮಳೆ, ಯಾರದೋ ಹೋಮ್‌ಸ್ಟೇ ಜಗಲಿ, ಟಾರ್ಚಿನ ಬೆಳಕಲ್ಲಿ ಮಗುಚಿ ಹಾಕಿದ ಹೊಸ ಮೋವರ್, ಸುತ್ತ ನಾಲ್ಕು ತಲೆ.

"ಎಷ್ಟು ಮಾಡಿದ್ರೂ ಶುರುವಾಗಲ್ಲ ಕಣೋ. ಎಳೆಯೋ ಹಗ್ಗಾನೂ ಇಲ್ಲ. ಕಾರ್ಬೊರೇಟರ್ ಎಲ್ಲಿಟ್ಟಿದಾರೆ ಅಂತ ನೋಡ್ತಿದೀವಿ."

"ಮಾಡೆಲ್ ನಂಬರ್ ಓದಿ ಅಪ್ಪಯ್ಯ" ಎಂದರು ನಮ್ಮವರು, ಕೌಂಟರಿನವನದೇ ದನಿಯಲ್ಲಿ.

"ಮಿಷನ್ನೇ ತೋರಿಸ್ತಿದೀನಿ, ನಂಬರ್ ಎಂಥಕ್ಕೆ ಮಾರಾಯ?" ಎನ್ನುತ್ತಲೇ ಯಾರಿಗೋ ಓದಲು ಹೇಳಿದರು. ನಮ್ಮವರು ಲ್ಯಾಪ್‌ಟಾಪಿನಲ್ಲಿ ಹುಡುಕಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಯ್ಯ, ಇದಕ್ಕೆ ಕಾರ್ಬೊರೇಟರ್ ಇಲ್ಲ. ಇದು ಕರೆಂಟಿಂದು" ಎಂದರು.

ಅತ್ತ ನಾಲ್ಕೂ ತಲೆಗಳು ಒಂದನ್ನೊಂದು ನೋಡಿಕೊಂಡವು. ಮೊದಲ ಮಳೆಗೆ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಮಾವಯ್ಯ ಟಾರ್ಚು ಆರಿಸಿ ಕತ್ತಲಲ್ಲಿ ಯಾರಿಗೋ ಕೂಗಿದರು: "ಲೇ, ಬೆಳಿಗ್ಗೆ ನಮ್ಮ ವೀಡ್ ಕಟರ್ ತಗಂಬಾರೋ."